ಹೆಸರು ಕೇಳಿ, ನನ್ನ ಜನರೇ

ಚೀಟಿ ಬರೆಯುವ ಹುಡುಗಿ ಮೂರನೇ ಸಲ ಕೇಳಿದಳು. "ಪೇಷೆಂಟ್ ಹೆಸರು ಹೇಳಿ ಅಣ್ಣಾ."

ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಹುಡುಗ ಬೆಂಚಿನ ಮೇಲೆ ಗೋಡೆಗೊರಗಿ ಕಣ್ಣು ಮುಚ್ಚಿದ್ದ. ಬಲಗೈಗೆ ಸುತ್ತಿದ ಟವೆಲ್ಲಿನಿಂದ ರಕ್ತ ತೊಟ್ಟಿಕ್ಕಿ ಚಪ್ಪಲಿಯ ಪಕ್ಕ ಸಣ್ಣ ಮಡುವಾಗಿತ್ತು. ಗಾಣಕ್ಕೆ ಕಬ್ಬು ಕೊಡುವಾಗ ಜಲ್ಲೆಯ ಜೊತೆ ಎರಡು ಬೆರಳೂ ಒಳಗೆ ಹೋಗಿದ್ದವು. ಆಲೆಮನೆಯ ಯಜಮಾನ ನನಗೆ ದೂರದ ನೆಂಟ. ಕೆಟ್ಟವನಲ್ಲ. ಗಾಣ ನಿಲ್ಲಿಸಿ, ಹೆಗಲ ಮೇಲಿದ್ದ ಟವೆಲ್ಲನ್ನೇ ಬಿಗಿದು ಕಟ್ಟಿ, ಬೈಕಿನಲ್ಲಿ ನಮ್ಮಿಬ್ಬರ ನಡುವೆ ಕೂರಿಸಿಕೊಂಡು ಹಾರಿ ಬಂದವನು ಅವನೇ. ಕೊನೆಗೆ ಬಾಯಿಬಿಟ್ಟವನೂ ಅವನೇ.

"ಬಿಹಾರಿ ಅಂತ ಬರ್ಕೊಳವ್ವ."

"ಅದು ಹೆಸ್ರಾ?"

"ನಾವೆಲ್ಲ ಹಂಗೇ ಕರೆಯೋದು."

ಅವಳು ಹಾಗೇ ಬರೆದುಕೊಂಡಳು. ವಯಸ್ಸು ಅಂದಾಜಿಗೆ ಇಪ್ಪತ್ತೆರಡು. ಊರು, ಬಿಹಾರ.

ಮಾರನೆಯ ದಿನ ನೋವು ಇಳಿದ ಮೇಲೆ ಹುಡುಗನೇ ಹೇಳಿದ. ಅವನು ಬಿಹಾರದವನೂ ಅಲ್ಲ, ಉತ್ತರ ಪ್ರದೇಶದ ಗೋರಖಪುರದ ಕಡೆಯವನು. ಮೂರು ವರ್ಷದಿಂದ ನಮ್ಮೂರ ಕೊಪ್ಪರಿಗೆಯ ಪಾಕ ತಿರುವುತ್ತಿದ್ದವನು. ಅವನು ಅಚ್ಚಿಗೆ ಹುಯ್ದ ಬೆಲ್ಲ ನಮ್ಮ ಮನೆಯ ಯುಗಾದಿ ಒಬ್ಬಟ್ಟಿನೊಳಗೆ ಹೋಗಿದೆ, ಸಂಕ್ರಾಂತಿಯ ಎಳ್ಳಿಗೆ ಬೆರೆತಿದೆ. ಹೆಸರನ್ನೇನೂ ಅವನು ಬಚ್ಚಿಟ್ಟಿರಲಿಲ್ಲ. ಮೂರು ವರ್ಷ ನಮ್ಮಲ್ಲಿ ಒಬ್ಬರಿಗೂ ಕೇಳಬೇಕೆನ್ನಿಸಿರಲಿಲ್ಲ, ಅಷ್ಟೆ. ಆ ಸಾಲಿನಲ್ಲಿ ನಾನೂ ಇದ್ದೇನೆ. ವಾರಕ್ಕೊಮ್ಮೆ ಅದೇ ಆಲೆಮನೆಗೆ ಹೋಗಿ, ಅವನ ಕೈಯಿಂದಲೇ ಬಿಸಿಬೆಲ್ಲ ಇಸಕೊಂಡು ಚೀಪಿದವನು ನಾನು.

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಈ ನಾಲ್ಕು ತಾಲ್ಲೂಕಿನ ನನ್ನ ಜನರೇ, ಈ ಮಾತು ನಿಮಗೆ.

ನಮ್ಮ ಸೀಮೆಯ ಮರ್ಯಾದೆ ಒಂದು ಪ್ರಶ್ನೆಯ ಮೇಲೆ ನಿಂತಿದೆ. ಬಸ್ಸಿನಲ್ಲಿ ಪಕ್ಕ ಕೂತವರಾಗಲಿ, ಮದುವೆ ಚಪ್ಪರದಲ್ಲಿ ಎದುರಾದವರಾಗಲಿ, ಅರಳಿಕಟ್ಟೆಯಲ್ಲಿ ದಣಿವಾರಿಸಿಕೊಳ್ಳುವವರಾಗಲಿ, ನಾವು ಮೊದಲು ಕೇಳುವುದು "ಯಾವೂರಾಯ್ತು?" ಅಂತ. ಊರು ಗೊತ್ತಾದರೆ ಆ ಊರಿನಲ್ಲಿ ನಮಗೊಬ್ಬ ನೆಂಟ ಸಿಕ್ಕೇ ಸಿಗುತ್ತಾನೆ. ಆಮೇಲೆ "ಊಟ ಆಯ್ತಾ?" (ನಡುವೆ "ಯಾರ ಪೈಕಿ?" ಎಂದೂ ಒಂದು ಬರುತ್ತದೆ. ಅದರ ಹೊಟ್ಟೆಯೊಳಗೆ ಜಾತಿ ಇದೆಯೆಂದು ನಿಮಗೂ ಗೊತ್ತು, ನನಗೂ ಗೊತ್ತು. ಆ ಲೆಕ್ಕ ಇನ್ನೂ ದೊಡ್ಡದು, ಅದಕ್ಕೆ ಬೇರೆಯೇ ಕೂರಬೇಕು.) ಬಲ್ಲವರಿಗೆ, ನಮ್ಮಂತೆ ಕಾಣುವವರಿಗೆ "ಯಾವೂರಾಯ್ತು?" ಎಂಬ ಪ್ರಶ್ನೆ ಇದೆ. ದೂರದಿಂದ ದುಡಿಯಲು ಬಂದವರಿಗೆ ಮಾತ್ರ ಪ್ರಶ್ನೆಯೇ ಇಲ್ಲ, ನೇರ ಉತ್ತರ: ಬಿಹಾರಿ, ಬಂಗಾಲಿ, ಕೊಂಗ, ಸೇಟು, ಭಯ್ಯಾ. ಬೆಂಗಳೂರಿಗೆ ಹೋಗಿ ಬರುವ ಹುಡುಗರು ಆ ಕಡೆಯಿಂದ "ಗುಲ್ಟಿ"ಯನ್ನೂ ತಂದಿದ್ದಾರೆ. ಕಬ್ಬು ಕಡಿಯಲು ಬರುವ ಬಳ್ಳಾರಿ ಕಡೆಯವರು ನಮ್ಮಷ್ಟೇ ಕನ್ನಡಿಗರು. ಅವರ ತಂಡಕ್ಕೂ "ಬಳ್ಳಾರಿಯೋವು" ಎನ್ನುತ್ತೇವೆ. ಆ "ವು" ಕೇಳಿಸಿಕೊಳ್ಳಿ. ದನಕರುಗಳಿಗೆ ಹಚ್ಚುವ ಬಹುವಚನ ಅದು.

ಪದಗಳ ಕಥೆ ಸ್ವಲ್ಪ ನೋಡೋಣ, ಯಾಕೆಂದರೆ ನಮ್ಮ ಬಾಯಿ ನಮಗೇ ಗೊತ್ತಿಲ್ಲದ್ದನ್ನು ಎಷ್ಟೋ ಹೇಳುತ್ತಿರುತ್ತದೆ. "ಪರದೇಶಿ" ಎಂದರೆ ಬೇರೆ ದೇಶದವನು, ಅಷ್ಟೆ. ಆದರೆ ನಮ್ಮಲ್ಲಿ ಅದು ದಿಕ್ಕಿಲ್ಲದವನು, ಹೇಳುವವರು ಕೇಳುವವರು ಇಲ್ಲದವನು ಎಂದಾಗಿದೆ. "ಅಪ್ಪ ಸತ್ತು ಮಕ್ಕಳು ಪರದೇಸಿಗಳಾದ್ವು" ಎಂದು ಅಳುವವರೂ ನಾವೇ, "ಪರದೇಸಿ ನನ್ಮಗನೆ" ಎಂದು ಬೈಯುವವರೂ ನಾವೇ. ಊರು ಬಿಟ್ಟು ಬಂದವನ ಸಂಕಟವನ್ನು ಇಷ್ಟು ಚೆನ್ನಾಗಿ ಅರಿತ ಭಾಷೆ, ಅದೇ ಪದವನ್ನು ಕಲ್ಲು ಮಾಡಿ ಅವನ ಮೇಲೆಯೇ ಬೀಸುತ್ತದೆ. "ಬೇವರ್ಸಿ" ಇನ್ನೂ ತಮಾಷೆ. ವಾರಸುದಾರರಿಲ್ಲದ್ದು ಎಂಬ ಅರ್ಥದಲ್ಲಿ ಪಾರಸಿಯಿಂದ ಬಂದ ಪದ ಅದು. ಅಂದರೆ ಹೊರಗಿನವನನ್ನು ಬೈಯಲು ಕೂಡ ಹೊರಗಿನ ಪದವನ್ನೇ ಸಾಲ ತಂದಿದ್ದೇವೆ.

"ಪರಂಗಿ"ಯನ್ನು ನೋಡಿ. ಹಡಗು ಹತ್ತಿ ಬಂದ ಬಿಳಿಯರು ನಮ್ಮ ಜನರಿಗೆ ಪರಂಗಿಯವರು. ಅವರ ಹೆಸರು ಹೊತ್ತು ಉಳಿದದ್ದು ಒಂದು ಹಣ್ಣು, ಒಂದು ಹುಣ್ಣು. ಪರಂಗಿ ಹುಣ್ಣು ಎಂದರೆ ಮೂಗು ಮುಚ್ಚುತ್ತೇವೆ. ಪರಂಗಿ ಗಿಡ ಮಾತ್ರ ಹಿತ್ತಿಲ ಬಚ್ಚಲ ನೀರು ಕುಡಿದು ನಮ್ಮದೇ ಆಗಿದೆ. ಹಟ್ಟಿಯಲ್ಲಿ ನಿಂತ ಕಪ್ಪುಬಿಳುಪಿನ ಹಸುವಿಗೆ ಇವತ್ತಿಗೂ "ಸೀಮೆ ಹಸ" ಎನ್ನುತ್ತೇವೆ, ಸೀಮೆಯ ಆಚೆಯಿಂದ ಬಂದದ್ದು. ಡೇರಿಯ ಬಟವಾಡೆ ಬರುವುದು ಅದರ ಕೆಚ್ಚಲಿನಿಂದ, ಮಗಳ ಫೀಸು ಕಟ್ಟುವುದು ಅದರ ಹಾಲು. ಅದಕ್ಕೆ ಜ್ವರ ಬಂದರೆ ರಾತ್ರಿ ಹನ್ನೆರಡಕ್ಕೆ ಡಾಕ್ಟರಿಗೆ ಫೋನು ಹೋಗುತ್ತದೆ. ಆಲೆಮನೆಯ ಹುಡುಗನಿಗೆ ಜ್ವರ ಬಂದರೆ?

ಇನ್ನೊಂದು ಪದ ಇದೆ, ಅದು ನನ್ನನ್ನು ಬಹಳ ದಿನ ಕಾಡಿದೆ. ನಾಟಿ. ನಾಟಿ ಕೋಳಿ, ನಾಟಿ ಹಸು, ನಾಟಿ ಔಷಧ ಎಂದರೆ ನಮ್ಮದು, ಇಲ್ಲಿಯದು, ಅಪ್ಪಟ. ಅದೇ ಬಾಯಲ್ಲಿ ಭತ್ತದ ನಾಟಿ ಎನ್ನುತ್ತೇವೆ. ಭತ್ತದ ನಾಟಿ ಎಂದರೆ ಏನು? ಒಟ್ಟಲಲ್ಲಿ ಬೆಳೆದ ಪೈರನ್ನು ಬುಡಸಮೇತ ಕಿತ್ತು, ಕಟ್ಟು ಕಟ್ಟಿ ಹೊತ್ತು ತಂದು, ಬೇರೆ ಗದ್ದೆಯ ಕೆಸರಿನಲ್ಲಿ ಊರುವುದು. ಎರಡು ಪದಗಳ ಬೇರು ಬೇರೆ ಬೇರೆ ಇರಬಹುದು, ಅದು ಪಂಡಿತರ ಕೆಲಸ. ಆದರೆ ಕಿವಿಗೆ ಎರಡೂ ಒಂದೇ, ಮತ್ತು ನಮ್ಮ ನಾಲ್ಕು ತಾಲ್ಲೂಕಿನ ಮಟ್ಟಿಗೆ ಎರಡೂ ನಿಜವಾಗಿಯೂ ಒಂದೇ. ಇಲ್ಲಿ ನಾಟಿ ಎನಿಸಿಕೊಂಡದ್ದೆಲ್ಲ ಎಲ್ಲಿಂದಲೋ ಕಿತ್ತು ತಂದು ನೆಟ್ಟದ್ದೇ.

ಶ್ರೀರಂಗಪಟ್ಟಣದ ಗಂಜಾಮಿನಿಂದ ಶುರು ಮಾಡಿ. ಟಿಪ್ಪು ಸುಲ್ತಾನ ಸಿರಾದಿಂದ 12,000 ಕುಟುಂಬಗಳನ್ನು ಎಬ್ಬಿಸಿ ತಂದು ನದಿಯ ನಡುಗಡ್ಡೆಯ ಮೇಲೆ ನೆಲೆಗೊಳಿಸಿದ ಪೇಟೆ ಅದು ಎಂದು ಹಳೆಯ ಗೆಜೆಟಿಯರುಗಳು ಹೇಳುತ್ತವೆ. ಪಾಂಡವಪುರಕ್ಕೆ ಬ್ರಿಟಿಷರ ಕಾಲದಲ್ಲಿ ಫ್ರೆಂಚ್ ರಾಕ್ಸ್ ಎಂಬ ಹೆಸರಿತ್ತು. ಹೈದರ್, ಟಿಪ್ಪುವಿನ ಪರವಾಗಿ ಕಾದ ಫ್ರೆಂಚ್ ಸಿಪಾಯಿಗಳು ಆ ಬಂಡೆಗಳ ಕೆಳಗೆ ಬೀಡು ಬಿಟ್ಟಿದ್ದರು. ಅದಕ್ಕೂ ಮೊದಲಿನ ಹಿರೋಡೆ ಎಂಬ ಹೆಸರು ನಮ್ಮ ಹಳಬರ ಬಾಯಲ್ಲಿ ಈಗಲೂ ಸಿಗುತ್ತದೆ. ಈಗಿನ ಹೆಸರಾದರೂ ಏನು? ರಾಜ್ಯ ಕಳೆದುಕೊಂಡು ಕಾಡು ಸುತ್ತಿದ ಐದು ಜನ ಅಣ್ಣತಮ್ಮಂದಿರು ತಾಯಿಯ ಜೊತೆ ಇಲ್ಲಿ ಕೆಲವು ಕಾಲ ತಂಗಿದ್ದರು ಎಂಬ ನಂಬಿಕೆಯ ಮೇಲೆ ಇಟ್ಟದ್ದು. ಊರ ಹೆಸರೇ ವಲಸೆ ಬಂದವರದ್ದು!

ಅದೇ ತಾಲ್ಲೂಕಿನ ಮೇಲುಕೋಟೆ ಹತ್ತಿ. ಚೋಳರ ದೇಶದಲ್ಲಿ ಇರಲಾರದೆ ಹನ್ನೆರಡನೆಯ ಶತಮಾನದಲ್ಲಿ ಈ ಕಡೆ ಬಂದ ರಾಮಾನುಜಾಚಾರ್ಯರಿಗೆ ತೊಣ್ಣೂರು, ಮೇಲುಕೋಟೆಗಳು ಜಾಗ ಕೊಟ್ಟವು. ಆಗ ಬೆಟ್ಟದ ಕೆಳಗಿನ ಯಾರಾದರೂ "ಬಂದವ್ನೆ ನೋಡು ಕೊಂಗ" ಎಂದಿದ್ದರೋ ಏನೋ! ವೈರಮುಡಿಯ ರಾತ್ರಿ ಕಿಕ್ಕಿರಿದ ಬೀದಿಯಲ್ಲಿ ಗೋವಿಂದಾ ಎಂದು ಕೂಗುವಾಗ ನಮಗೆ ಅದು ನೆನಪಿರುವುದಿಲ್ಲ. ಅಲ್ಲೇ 1905ರಲ್ಲಿ ಹುಟ್ಟಿದ ಪು.ತಿ. ನರಸಿಂಹಾಚಾರ್ ಅವರ ಮನೆಮಾತು ತಮಿಳು. ಅವರು ಕನ್ನಡಕ್ಕೆ ಕೊಟ್ಟದ್ದನ್ನು ವಾಪಸು ತೆಗೆದುಕೊಳ್ಳಿ ಎಂದು ಹೇಳುವ ಧೈರ್ಯ ಯಾರಿಗಿದೆ?

ಕನ್ನಂಬಾಡಿ ಕಟ್ಟೆಯ ವಿಷಯಕ್ಕೆ ಬಂದರೆ ನಮ್ಮ ಎದೆ ಉಬ್ಬುತ್ತದೆ. 1911ರಲ್ಲಿ ಕೆಲಸ ಶುರುವಾಯಿತು, ಇಪ್ಪತ್ತು ವರ್ಷ ನಡೆಯಿತು. ಆ ಕಲ್ಲು ಹೊತ್ತವರಲ್ಲಿ ತಮಿಳು ಮಾತಾಡುವ ಕೂಲಿಗಳಿದ್ದರು, ಮಲೇರಿಯಾ ಜ್ವರಕ್ಕೆ ಸಿಕ್ಕಿ ಸತ್ತವರಿದ್ದರು. ಇತ್ತ ಹಳೇ ಕನ್ನಂಬಾಡಿ ನೀರಿನಡಿ ಹೋಯಿತು, ಜನ ಗಂಟುಮೂಟೆ ಕಟ್ಟಿ ಹೊಸ ಕನ್ನಂಬಾಡಿಗೆ ಬಂದರು. ಮುಳುಗಿದ ವೇಣುಗೋಪಾಲಸ್ವಾಮಿಯ ಗುಡಿಯನ್ನು ಕೂಡ ಎಷ್ಟೋ ವರ್ಷದ ಮೇಲೆ ಕಲ್ಲು ಕಲ್ಲಾಗಿ ಬಿಚ್ಚಿ ಹಿನ್ನೀರಿನ ದಡಕ್ಕೆ ತಂದು ಕಟ್ಟಿದರು. ನಮ್ಮಲ್ಲಿ ದೇವರೂ ಒಂದು ಸಲ ಮುಳುಗಡೆಯವನಾಗಿದ್ದಾನೆ. ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಎದ್ದ ಮೇಲೆ ಇನ್ನಷ್ಟು ತಮಿಳು ಕುಟುಂಬಗಳು ಬಂದವು. ಪಟ್ಟಣದ ಅವರ ಬೀದಿಗೆ ತಮಿಳು ಕಾಲೋನಿ ಎಂದೇ ಹೆಸರು. ಮೊಮ್ಮಕ್ಕಳ ಕಾಲ ಬಂದರೂ ಆ ಹೆಸರು ಕದಲಿಲ್ಲ.

ಇನ್ನು ಕೊಂಗ. ಕೊಯಮತ್ತೂರು, ಈರೋಡು, ಸೇಲಂ ಕಡೆಯ ಸೀಮೆಗೆ ಕೊಂಗುನಾಡು ಎಂದು ಹೆಸರು. ತಲಕಾಡು ಗೆದ್ದ ವಿಷ್ಣುವರ್ಧನನ ಶಾಸನಗಳಲ್ಲಿ ಅವನು ಗೆದ್ದ ನಾಡುಗಳ ಸಾಲಿನಲ್ಲಿ ಕೊಂಗೂ ಇದೆ. ಅಲ್ಲಿ ಅದೊಂದು ಸೀಮೆಯ ಹೆಸರು, ಗೆದ್ದವನು ಬಿರುದಿನಲ್ಲಿ ಸೇರಿಸಿಕೊಂಡು ಹೆಮ್ಮೆಪಟ್ಟ ಹೆಸರು. ನಮ್ಮ ಬೀದಿಗೆ ಬರುವಷ್ಟರಲ್ಲಿ ಅದು ಉಗುಳುವ ಪದವಾಯಿತು. ಕೊಂಗುನಾಡನ್ನು ಕನಸಿನಲ್ಲೂ ಕಾಣದ ತಂಜಾವೂರಿನವನೂ ಕೊಂಗ, ಮಂಡ್ಯದಲ್ಲೇ ಹುಟ್ಟಿ ಕನ್ನಡ ಶಾಲೆಯಲ್ಲಿ ಓದಿದ ಹುಡುಗಿಯೂ ಕೊಂಗಿ.

1991ರ ಡಿಸೆಂಬರ್ ನಮ್ಮ ವಯಸ್ಸಿನವರಿಗೆ ಮರೆಯುವುದಿಲ್ಲ. ಜೂನ್ 25ರಂದು ಕಾವೇರಿ ನ್ಯಾಯಮಂಡಳಿ ಮಧ್ಯಂತರ ತೀರ್ಪು ಕೊಟ್ಟು, ತಮಿಳುನಾಡಿಗೆ ವರ್ಷಕ್ಕೆ 205 ಟಿಎಂಸಿ ನೀರು ಬಿಡಿ ಎಂದಿತ್ತು. ಅದು ಗೆಜೆಟ್ಟಿನಲ್ಲಿ ಪ್ರಕಟವಾದದ್ದು ಡಿಸೆಂಬರಿನಲ್ಲಿ. ನಮ್ಮ ಸಿಟ್ಟಿಗೆ ಕಾರಣವಿತ್ತು. ನಾಲೆಯ ಕೊನೆಯ ಗದ್ದೆಯಲ್ಲಿ ಬಿರಿದ ನೆಲ ನೋಡಿದವನಿಗೆ ಆ ಸಿಟ್ಟನ್ನು ಯಾರೂ ಕಲಿಸಿಕೊಡಬೇಕಿಲ್ಲ. ಆದರೆ ಆ ಸಿಟ್ಟು ಯಾರ ಮೇಲೆ ಇಳಿಯಿತು? ಬೆಂಗಳೂರಿನಲ್ಲಿ, ಹಳೇ ಮೈಸೂರಿನ ಊರುಗಳಲ್ಲಿ, ಕಾವೇರಿಯ ಒಂದು ಹನಿಯ ಮೇಲೂ ಅಧಿಕಾರವಿಲ್ಲದ ಕೂಲಿಯ, ಇಸ್ತ್ರಿ ಅಂಗಡಿಯವನ, ಗುಡಿಸಲಿನ ಮೇಲೆ. ಸಾವಿರಾರು ಜನ ಮಕ್ಕಳನ್ನು ಎತ್ತಿಕೊಂಡು ಗಡಿ ದಾಟಿ ಓಡಿದರು. ನಾನಾಗ ಕಾಲೇಜು ಹುಡುಗ. ನಮ್ಮೂರ ಸರ್ಕಲ್ಲಿನಲ್ಲಿ ಕೊಂಗ ಎಂಬ ಆ ಪದವನ್ನು ಗಂಟಲು ಹರಿಯುವಂತೆ ಕೂಗಿದವರಲ್ಲಿ ನಾನಿದ್ದೆ. ನಾವು ಯಾರ ಪ್ರತಿಕೃತಿಯನ್ನು ಸುಟ್ಟೆವೋ ಆ ಮುಖ್ಯಮಂತ್ರಿ ಜಯಲಲಿತಾ 1948ರಲ್ಲಿ ಹುಟ್ಟಿದ್ದು ಮೇಲುಕೋಟೆಯಲ್ಲಿ, ಕೂಗಿದರೆ ಕೇಳಿಸುವಷ್ಟು ದೂರದಲ್ಲಿ. ಆಕೆಗೆ ತಮಿಳುನಾಡಿನ ವಿರೋಧಿಗಳು "ಕನ್ನಡತಿ" ಎಂದು ಚುಚ್ಚಿದರು, ನಾವು ಇಲ್ಲಿಂದ "ಕೊಂಗಿ" ಎಂದು ಉಗಿದೆವು. ಒಬ್ಬ ಹೆಣ್ಣಿಗೆ ಎರಡು ಕಡೆಯೂ ಪರದೇಶಿಯಾಗುವ ಭಾಗ್ಯ!

ನನ್ನ ಮನೆಯ ಕಥೆಯನ್ನೂ ಹೇಳದಿದ್ದರೆ ಈ ಮಾತಾಡಲು ನನಗೆ ಬಾಯಿಲ್ಲ. ನನ್ನ ತಾತ ನಾಗಮಂಗಲದ ಬೆದ್ದಲು ಕಡೆಯಿಂದ ಮಂದಗೆರೆ ನಾಲೆಯ ಕಡೆಗೆ ಮನೆವಾಳ್ತನಕ್ಕೆ ಬಂದವನು. ರಾಗಿ ಹೊಲ ಬಿಟ್ಟು ಗದ್ದೆಗೆ ಇಳಿದವನು. ನಲವತ್ತು ವರ್ಷ ಈ ಊರಿನ ಹಬ್ಬಕ್ಕೆ ವಂತಿಗೆ ಕೊಟ್ಟ, ಈ ಊರಿನ ಹೆಣಗಳಿಗೆ ಹೆಗಲು ಕೊಟ್ಟ. ಒಂದು ಬೇಸಿಗೆ ನೀರಿನ ಸರದಿಯಲ್ಲಿ ಜಗಳವಾಯಿತು. ನ್ಯಾಯ ತಾತನ ಕಡೆಯೇ ಇತ್ತು, ನೀರುಗಂಟಿಯೂ ಹಾಗೇ ಹೇಳಿದ. ಆಗ ಎದುರಿನವನು ಒಂದು ಪದ ತೆಗೆದ: "ಬಂದೋನಿಗೆ ಇಷ್ಟು ಸೊಕ್ಕಾ?" ತಾತ ಮಾತಾಡಲಿಲ್ಲ. ಗುದ್ದಲಿ ಹೆಗಲಿಗೇರಿಸಿಕೊಂಡು ಮನೆಗೆ ಬಂದ. ಆ ರಾತ್ರಿ ಅವನು ಊಟ ಮಾಡದೆ ಜಗುಲಿಯ ಮೇಲೆ ಕೂತಿದ್ದನ್ನು ನನ್ನಮ್ಮ ಈಗಲೂ ಹೇಳುತ್ತಾಳೆ. ನಲವತ್ತು ವರ್ಷವನ್ನು ಒಂದೇ ಏಟಿಗೆ ಕಡಿಯಬಲ್ಲ ಪದ ಅದು, ಮಚ್ಚಿಗಿಂತ ಹರಿತ. ಇನ್ನು ಅಜ್ಜಿಯರ, ಅತ್ತೆಯರ ವಿಷಯ ಬೇರೆಯೇ. ನಮ್ಮೂರಿನಲ್ಲಿ ಸೊಸೆಯಂದಿರಿಗೆ ಹೆಸರೇ ಇರಲಿಲ್ಲ, "ಕಿಕ್ಕೇರಿಯೋಳು", "ಬೆಳ್ಳೂರೋಳು". ಊರೊಳಗಿನ ಅರ್ಧ ಜನ ಸಾಯುವವರೆಗೂ ಹೊರಗಿನವರೇ.

ಈಗ 2020ಕ್ಕೆ ಬರುತ್ತೇನೆ. ತಪ್ಪಿಸಿಕೊಳ್ಳಲು ಆಗದ ಜಾಗ ಇದು.

ಕೆ.ಆರ್. ಪೇಟೆ, ನಾಗಮಂಗಲ, ಪಾಂಡವಪುರದ ಒಣಭೂಮಿಯ ಊರುಗಳಿಂದ ಮುಂಬೈಗೆ ಹೋದವರ ಸಂಖ್ಯೆ ದೊಡ್ಡದು. ಹೋಟೆಲಿನಲ್ಲಿ ಲೋಟ ತೊಳೆದವರು, ಆಟೋ ಓಡಿಸಿದವರು, ಪುಟ್ಟ ಕ್ಯಾಂಟೀನು ಇಟ್ಟವರು. ಅಲ್ಲಿ ಅವರಿಗೆ ಏನು ಹೆಸರು? ಮದ್ರಾಸಿ. 1966ರಲ್ಲಿ ಶಿವಸೇನೆ ಹುಟ್ಟಿದಾಗ ಅದರ ಮೊದಲ ಸಿಟ್ಟೆಲ್ಲ ದಕ್ಷಿಣದವರ ಮೇಲೆ, ಉಡುಪಿ ಹೋಟೆಲುಗಳ ಮೇಲೆ. ಲುಂಗಿವಾಲಾ ಎಂದರು, ನಮ್ಮ ಮಾತನ್ನು ಯಂಡುಗುಂಡು ಎಂದು ಅಣಕಿಸಿದರು. ಗ್ರೀಕರೂ ಹೀಗೇ, ತಮಗರ್ಥವಾಗದ ಮಾತು "ಬರ್ ಬರ್" ಎಂದು ಕೇಳಿಸಿತೆಂದು ಹೊರಗಿನವರಿಗೆ ಹೆಸರಿಟ್ಟರು. ನಮ್ಮ ಪತ್ರಿಕೆಗಳ "ಬರ್ಬರ ಹತ್ಯೆ"ಯವರೆಗೆ ಬಂದಿರುವ ಬರ್ಬರವೂ ಅದೇ ಸದ್ದಿನದು. ನನ್ನ ಅಣ್ಣ ಇಪ್ಪತ್ತೆರಡು ವರ್ಷ ಅಲ್ಲಿ ಆಟೋ ಓಡಿಸಿದ. ಮಂಡ್ಯದಲ್ಲಿ ತಮಿಳನನ್ನು ಕೊಂಗ ಎಂದವನು ಅಲ್ಲಿ ಅದೇ ತಮಿಳನ ಜೊತೆ ಒಂದೇ ಸಾಲಿನಲ್ಲಿ ನಿಂತು "ಏ ಮದ್ರಾಸಿ" ಎನ್ನಿಸಿಕೊಂಡ. ನಗುತ್ತಲೇ ಹೇಳುತ್ತಿದ್ದ ಅದನ್ನು.

ಮಾರ್ಚಿನಲ್ಲಿ ಲಾಕ್‌ಡೌನ್ ಬಿತ್ತು. ಏಪ್ರಿಲ್ ಕೊನೆಯಲ್ಲಿ ಮುಂಬೈಯಲ್ಲಿ ತೀರಿಕೊಂಡ ಒಬ್ಬರ ಶವ ಪಾಂಡವಪುರ ತಾಲ್ಲೂಕಿಗೆ ಬಂತು, ಜೊತೆ ಬಂದವರಲ್ಲಿ ಕೊರೊನಾ ಸೋಂಕು ಕಂಡಿತು. ಅಲ್ಲಿಂದ ಮುಂದೆ ಊರೂರಿನಲ್ಲಿ ಒಂದೇ ಮಾತು: ಬಾಂಬೆಯೋರು. ಮೇ 18ರಂದು ಸರ್ಕಾರ ಮಹಾರಾಷ್ಟ್ರವೂ ಸೇರಿ ನಾಲ್ಕು ರಾಜ್ಯಗಳವರು ತಿಂಗಳ ಕೊನೆಯವರೆಗೆ ಒಳಗೆ ಬರಬಾರದೆಂದಿತು. 19ರಂದು ರಾಜ್ಯದ 149 ಹೊಸ ಪ್ರಕರಣಗಳಲ್ಲಿ 71 ಮಂಡ್ಯ ಜಿಲ್ಲೆಯವು, ಹೆಚ್ಚಿನವು ಮುಂಬೈಯಿಂದ ಬಂದವರದು. ಆದೇಶ ಹೊರಡಿಸಿದ ಆಗಿನ ಮುಖ್ಯಮಂತ್ರಿ ಯಡಿಯೂರಪ್ಪನವರು ನಮ್ಮದೇ ಕೆ.ಆರ್. ಪೇಟೆ ತಾಲ್ಲೂಕಿನ ಬೂಕನಕೆರೆಯವರು. ಅಕ್ಕಿಗಿರಣಿಯ ಗುಮಾಸ್ತನಾಗಿ ಶಿಕಾರಿಪುರಕ್ಕೆ ಹೋಗಿ, ಆ ಊರು ಮಡಿಲಿಗೆ ಹಾಕಿಕೊಂಡಿದ್ದರಿಂದ ದೊಡ್ಡವರಾದವರು. ಸರ್ಕಾರಕ್ಕೆ ಅದರ ಲೆಕ್ಕಗಳಿರುತ್ತವೆ, ರೋಗಕ್ಕೆ ತಡೆ ಬೇಕಿತ್ತು, ಒಪ್ಪೋಣ. ನಾನು ಕೇಳುವುದು ನಮ್ಮ ಬಾಯಿಯ ಲೆಕ್ಕ. ಮುಖಕ್ಕೆ ಮಾಸ್ಕು ಕಟ್ಟಿದ್ದು ರೋಗಕ್ಕಾಗಿ. ರಸ್ತೆಗೆ ಜಾಲಿಮುಳ್ಳು ಕಡಿದು ಹಾಕಿ, ಇಲ್ಲೇ ತೊಟ್ಟಿಲಲ್ಲಿ ತೂಗಿದ ಮಕ್ಕಳಿಗೆ "ಬಾಂಬೆಯೋನೇ, ಬಂದ ದಾರೀಲಿ ಒಂಟೋಗು" ಎಂದದ್ದು ಯಾವ ರೋಗಕ್ಕೆ? ಜಾತ್ರೆಗೆ ಅವರು ಕಳಿಸಿದ ದುಡ್ಡು, ದೇವಸ್ಥಾನದ ಗೋಡೆಯ ಮೇಲೆ ಕೆತ್ತಿಸಿದ ಅವರ ಹೆಸರು, ಎಲ್ಲ ಹಾಗೇ ಇತ್ತು. ಆ ಮುಳ್ಳು ಹೊತ್ತ ಹೆಗಲಲ್ಲಿ ಒಂದು ನನ್ನದು. ನನ್ನ ಅಣ್ಣ ಬರುತ್ತಿದ್ದಾನೆಂದು ಗೊತ್ತಿದ್ದೂ ಹೊತ್ತೆ.

ನಮ್ಮಲ್ಲಿ ಕೆಲವರು ಹೇಳುತ್ತಾರೆ, ನನಗೆ ಬಲು ಬೇಕಾದವರೇ ಹೇಳುತ್ತಾರೆ: "ಮಂಡ್ಯದೋರ ಮಾತೇ ಒರಟು ಕಣಯ್ಯ. ಹೆತ್ತವ್ವನ್ನೂ ಏಕವಚನದಲ್ಲಿ ಕರೀತೀವಿ. ಪ್ರೀತಿಗೆ ಅನ್ನೋದು." ನಿಜ, ನಮ್ಮ ಬೈಗುಳದಲ್ಲಿ ಬೆಲ್ಲ ಇದೆ. ಆದರೆ ಒಂದು ಸಣ್ಣ ಪರೀಕ್ಷೆ ಮಾಡಿ. ನೀವು ಗೆಳೆಯನಿಗೆ ಬೈದರೆ ಅವನೂ ತಿರುಗಿ ಬೈಯುತ್ತಾನೆ, ಇಬ್ಬರೂ ನಗುತ್ತೀರಿ. ಆಲೆಮನೆಯ ಹುಡುಗ ತಿರುಗಿ ನಿಮಗೆ ಒಂದು ಅಡ್ಡಹೆಸರಿಟ್ಟು ಕರೆದರೆ ನೀವು ನಗುತ್ತೀರಾ? ಅಥವಾ ಲೆಕ್ಕ ಚುಕ್ತಾ ಮಾಡಿ ಕಳಿಸುತ್ತೀರಾ? ವಾಪಸು ಕೊಡಲಾಗದ ಬೈಗುಳದಲ್ಲಿ ಪ್ರೀತಿ ಇರುವುದಿಲ್ಲ.

ಇನ್ನು ಕೆಲವರಿಗೆ ಕನ್ನಡದ ಚಿಂತೆ. ಬಂದವರು ಕನ್ನಡ ಕಲಿಯುವುದಿಲ್ಲ, ನಮ್ಮ ಭಾಷೆ ಸಾಯುತ್ತದೆ ಎಂಬ ಭಯ. ಈ ಭಯ ನನಗೂ ಇದೆ, ಸುಳ್ಳು ಹೇಳಲಾರೆ. ಬ್ಯಾಂಕಿನ ಕೌಂಟರಿನಲ್ಲಿ ನನ್ನ ಹಳ್ಳಿಯ ಮುದುಕಿಗೆ ಹಿಂದಿಯಲ್ಲಿ ಉತ್ತರ ಕೊಡುವವರನ್ನು ಕಂಡರೆ ನನಗೂ ಮೈ ಉರಿಯುತ್ತದೆ. ಆದರೆ ಸಂಬಳ, ಕುರ್ಚಿ ಇರುವ ಅವರ ಮೇಲಿನ ಸಿಟ್ಟನ್ನು ಗಾಣದ ಮುಂದೆ ನಿಂತವನ ಮೇಲೆ ತೀರಿಸಿಕೊಂಡರೆ ಕನ್ನಡ ಬೆಳೆಯುತ್ತದೆಯೇ? ಈ ಹುಡುಗರು ಕನ್ನಡವನ್ನು ನಮ್ಮ ಬಾಯಿಂದಲೇ ಕಲಿಯುತ್ತಾರೆ, ಅವರಿಗೆ ಬೇರೆ ಮೇಷ್ಟ್ರಿಲ್ಲ. ಬೆರಳು ಕಳೆದುಕೊಂಡವನನ್ನು ಕೇಳಿದೆ, ಮೊದಲು ಕಲಿತ ಕನ್ನಡ ಯಾವುದು ಅಂತ. ಸ್ವಲ್ಪ ಯೋಚಿಸಿ "ಬಿರ್ನೆ" ಎಂದ. ಆಮೇಲೆ ಒಂದು ಬೈಗುಳ ಹೇಳಿದ. ಅದರ ಅರ್ಥ ಅವನಿಗೆ ಗೊತ್ತಿರಲಿಲ್ಲ, ಕರೆಯುವ ರೀತಿ ಎಂದುಕೊಂಡಿದ್ದ.

ಇದೇ ಬಾಯಿ ಊರಿನವರನ್ನೂ ಬಿಟ್ಟಿಲ್ಲ. 2024ರ ಸೆಪ್ಟೆಂಬರ್ 11ರ ರಾತ್ರಿ ನಾಗಮಂಗಲದಲ್ಲಿ ಗಣೇಶನ ಮೆರವಣಿಗೆಯ ಹೊತ್ತಿಗೆ ಗಲಭೆಯಾಗಿ ಅಂಗಡಿಗಳು ಸುಟ್ಟವು. ಕಲ್ಲು ಎಸೆದವರು, ಬೆಂಕಿ ಇಟ್ಟವರು ಯಾರೇ ಇರಲಿ, ಅವರಿಗೆ ಕಾನೂನಿದೆ. ಅದಾದ ಮೇಲೆ ಚಹಾ ಅಂಗಡಿಗಳಲ್ಲಿ ಕೇಳಿದ ಮಾತು ನನ್ನನ್ನು ಇನ್ನೂ ಬಿಟ್ಟಿಲ್ಲ. ತಾತ ಮುತ್ತಾತರ ಗೋರಿಗಳು ಇದೇ ಊರಿನಲ್ಲಿರುವ, ಇದೇ ಸಂತೆಯಲ್ಲಿ ವ್ಯಾಪಾರ ಮಾಡಿಕೊಂಡಿರುವ ಜನರನ್ನು ಕುರಿತು ಎಷ್ಟು ಸಲೀಸಾಗಿ "ಅವ್ರ ಊರಿಗೆ ಅವ್ರು ಓಗ್ಲಿ" ಎಂದರು! ಅವರ ಊರು ಯಾವುದು? ನಾಗಮಂಗಲ.

ಹಾಗಾದರೆ ಏನು ಮಾಡಬೇಕು? ದೊಡ್ಡದೇನೂ ಕೇಳುತ್ತಿಲ್ಲ.

ಆಲೆಮನೆ ನಡೆಸುವ ಅಣ್ಣಂದಿರೇ, ಈ ಸುಗ್ಗಿಗೆ ಗಾಣ ಪೂಜೆ ಮಾಡುವ ದಿನ ಒಂದು ನೋಟ್‌ಬುಕ್ಕು ತನ್ನಿ. ಬಂದವರ ಹೆಸರು, ತಂದೆಯ ಹೆಸರು, ಊರು, ಮನೆಯ ಫೋನ್ ನಂಬರು ಬರೆದಿಡಿ. ಹೊರರಾಜ್ಯದಿಂದ ಗುತ್ತಿಗೆಯ ಮೇಲೆ ಕರೆತಂದ ಕಾರ್ಮಿಕರಿಗೆ ಫೋಟೊ ಅಂಟಿಸಿದ ಪಾಸ್‌ಬುಕ್ ಕೊಡಬೇಕೆಂದು 1979ರಲ್ಲೇ ಸಂಸತ್ತು ಕಾಯ್ದೆ ಮಾಡಿತ್ತು. ನಮ್ಮ ಕಡೆ ಅದನ್ನು ಕಣ್ಣಲ್ಲಿ ಕಂಡವರನ್ನು ನಾನಂತೂ ಕಂಡಿಲ್ಲ. ಕಾಯ್ದೆಗೆ ಹೆದರಿ ಬರೆಯಬೇಡಿ. ಆಸ್ಪತ್ರೆಯ ಆ ಹುಡುಗಿ ನಾಳೆ ನಿಮ್ಮನ್ನೂ ಕೇಳಬಹುದು, ಬರೆದಿಡಿ. ಬರೆದದ್ದನ್ನು ಬಾಯಿಂದ ಕರೆಯಿರಿ, ನಾಲಿಗೆ ತಿರುಗದಿದ್ದರೆ ಅವನನ್ನೇ ಎರಡು ಸಲ ಹೇಳಿಸಿಕೊಳ್ಳಿ.

ನಾಟಿಗೆ ಬಂಗಾಳದಿಂದ ಬಂದು ನಿಮ್ಮ ಗದ್ದೆಯಲ್ಲಿ ಬೆನ್ನು ಬಗ್ಗಿಸಿದವರಿಗೆ ಬದುವಿನ ಮೇಲೆ ನಿಂತು "ಏಯ್" ಎನ್ನುವ ಮೊದಲು ಒಮ್ಮೆ ಉಸಿರು ತೆಗೆದುಕೊಳ್ಳಿ. ಮೇಷ್ಟ್ರುಗಳೇ, ಮೇಡಮ್ಮುಗಳೇ, ನಮ್ಮ ಸರ್ಕಾರಿ ಶಾಲೆಯ ಬೆಂಚುಗಳಲ್ಲಿ ಈಗ ನೇಪಾಳದ, ಬಿಹಾರದ ಮಕ್ಕಳಿದ್ದಾರೆ. ನಮ್ಮ ಮಕ್ಕಳು ಕಾನ್ವೆಂಟಿನ ವ್ಯಾನು ಹತ್ತಿದ ಮೇಲೆ ಕನ್ನಡ ಪಾಠ ಓದಿ ಆ ಶಾಲೆಗಳನ್ನು ಉಳಿಸುತ್ತಿರುವವರಲ್ಲಿ ಅವರೂ ಇದ್ದಾರೆ. ಹಾಜರಿ ಪುಸ್ತಕದಲ್ಲಿರುವ ಹೆಸರನ್ನೇ ಆಟದ ಬಯಲಿನಲ್ಲೂ ಕರೆಯಲು ಉಳಿದ ಮಕ್ಕಳಿಗೆ ಹೇಳಿಕೊಡಿ. ಮನೆಗಳಲ್ಲಿ ಹಿರಿಯರೇ, ನೀವು ಮುದ್ದೆ ಮುರಿಯುತ್ತಾ ಆಡಿದ ಪದವನ್ನೇ ಮಗು ಶಾಲೆಗೆ ಕಟ್ಟಿಕೊಂಡು ಹೋಗುತ್ತದೆ. ವೇದಿಕೆ ಹತ್ತಿ ಚಪ್ಪಾಳೆಗಾಗಿ ಆ ಪದಗಳನ್ನು ಎಸೆಯುವ ನಮ್ಮ ಮುಖಂಡರಿಗೆ ನಾನೇನೂ ಹೇಳುವುದಿಲ್ಲ. ಚಪ್ಪಾಳೆ ನಿಮ್ಮ ಕೈಯಲ್ಲಿದೆ, ತಟ್ಟಬೇಡಿ.

ನಾನು ಮುಳ್ಳು ಹೊತ್ತ ಮೇ ತಿಂಗಳಿನಲ್ಲಿ ಅಣ್ಣ ಊರಿಗೆ ಬಂದದ್ದು ಇನ್ನೂ ಏಳು ಜನರ ಜೊತೆ, ಒಂದು ಬಾಡಿಗೆ ಟೆಂಪೊದಲ್ಲಿ. ಊರಾಚೆಯ ಶಾಲೆಯಲ್ಲಿ ಅವರನ್ನು ಕ್ವಾರಂಟೈನಿಗೆ ಇಟ್ಟರು. ಟೆಂಪೊ ಓಡಿಸಿಕೊಂಡು ಬಂದ ಮರಾಠಿಯವನೂ ಅವರ ಜೊತೆಗೇ ಒಳಗಾದ. ಅಮ್ಮ ಎರಡನೇ ದಿನವೇ ಯಾರ ಮಾತೂ ಕೇಳದೆ ತಲೆಯ ಮೇಲೆ ಕುಕ್ಕೆ ಹೊತ್ತು ಹೋದಳು. ಮನಸ್ಸು ತಡೆಯದೆ ನಾನೂ ಹಿಂದೆ ಹೋದೆ. ಗೇಟಿನ ಹತ್ತಿರ ಕಾವಲಿನವನು ನಿಲ್ಲಿಸಿದ. ಅವಳು ಕುಕ್ಕೆ ಇಳಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಮೂವತ್ತು ಅಡಿ ದೂರದ ವರಾಂಡದ ಕಡೆ ಕೂಗಿ ಒಬ್ಬೊಬ್ಬರನ್ನೇ ವಿಚಾರಿಸಿದಳು. "ನಿಂದು ಯಾವೂರಾಯ್ತು ಮಗಾ? ಏನೆಸ್ರು? ಯಾರ ಮಗ?" ಅಣ್ಣನನ್ನು ಬಿಟ್ಟು ಉಳಿದ ಏಳು ಜನರದ್ದೂ ಆಯಿತು. ಒಂಬತ್ತನೆಯವನು ಕಂಬದ ಹಿಂದೆ ನಿಂತಿದ್ದ. "ಅವ್ನು ನಮ್ಮೋನಲ್ಲ ಕಣವ್ವ, ಡ್ರೈವರು" ಎಂದ ಅಣ್ಣ.

"ಡ್ರೈವರಾದ್ರೆ ಎಸ್ರಿಲ್ವಾ? ಕೇಳ್ಲಾ ಅವ್ನ."

ಅಣ್ಣ ಮರಾಠಿಯಲ್ಲಿ ಕೇಳಿ ಹೇಳಿದ. ಅಮ್ಮ ಆ ಹೆಸರನ್ನು ಮೂರು ಸಲ ತಪ್ಪು ತಪ್ಪಾಗಿ ಹೇಳಿ, ನಾಲ್ಕನೆಯ ಸಲಕ್ಕೆ ಹತ್ತಿರ ಬಂದಳು. ಕಂಬದ ಹಿಂದಿನಿಂದ ಅವನು ನಕ್ಕ. ಅವಳು ಕುಕ್ಕೆಯ ಮೇಲಿನ ಬಟ್ಟೆ ಸರಿಸಿ ಮುದ್ದೆಗಳನ್ನು ಎಣಿಸಿ, ಮತ್ತೆ ತಲೆಯೆತ್ತಿ ಕೂಗಿದಳು.

"ಮುದ್ದೆ ನುಂಗಕ್ಕೆ ಬತ್ತದಾ ಅಂತ ಕೇಳು ಅವ್ನ. ಬರ್ದಿದ್ರೆ ಒಸಿ ತಡೀಲಿ, ಅನ್ನ ಮಾಡ್ಕೊಂಡು ತತ್ತೀನಿ."